ಬ್ರೋಷರ್‌ನಲ್ಲಿ ಉದ್ಯಾನ, ನಕ್ಷೆಯಲ್ಲಿ ಕಟ್ಟಡ: ಬಿಲ್ಡರ್ ಮಾತು ತಪ್ಪಿದಾಗ ಮನೆ ಕೊಂಡವರಿಗಿರುವ ಕಾನೂನಿನ ದಾರಿಗಳು

ಒಂದು ಭಾನುವಾರ ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಊಟದ ಮೇಜಿನ ಮೇಲೆ ಎರಡು ಕಾಗದಗಳನ್ನು ಅಕ್ಕಪಕ್ಕ ಹರಡಿಕೊಂಡು ಕುಳಿತಿದ್ದೆವು. ಒಂದು, ಬೆಂಗಳೂರಿನ ಹೊರವಲಯದಲ್ಲಿ ನಾವು ಫ್ಲ್ಯಾಟ್ ಕಾಯ್ದಿರಿಸಿದ ದಿನ ಮಾರಾಟದ ಕಚೇರಿಯಲ್ಲಿ ಕೊಟ್ಟ ಮಿರಮಿರ ಮಿಂಚುವ ಬ್ರೋಷರ್. ನಮ್ಮ ಕಟ್ಟಡದ ಪೂರ್ವಕ್ಕೆ ಅದರಲ್ಲಿ ಉದ್ಯಾನವಿತ್ತು, ಮಕ್ಕಳ ಜಾರುಬಂಡೆಯಿತ್ತು, ಹೊಂಗೆಯ ನೆರಳಲ್ಲಿ ಕಲ್ಲುಬೆಂಚಿತ್ತು. ಇನ್ನೊಂದು, ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಜಾಲತಾಣದಿಂದ ಇಳಿಸಿಕೊಂಡ ಮಂಜೂರಾತಿ ನಕ್ಷೆ. ಅದೇ ಜಾಗದಲ್ಲಿ ಒಂದು ದಪ್ಪ ಗೆರೆಯ ಆಯತ, ಅದರೊಳಗೆ ‘ಬ್ಲಾಕ್ ಸಿ’ ಎಂಬ ಬರಹ. ಬಿಲ್ಡರ್ ಕಡೆಯವರು ಅಷ್ಟು ದಿನವೂ ಹೇಳುತ್ತಿದ್ದುದು, “ಯೋಜನೆ ಆಮೇಲೆ ಬದಲಾಯಿತು ಸಾರ್, ನಾವೇನು ಮಾಡುವುದು?” ಎಂದು. ನನ್ನ ಹೆಂಡತಿ ನಕ್ಷೆಯ ಮೂಲೆಯ ಮೊಹರಿನ ಮೇಲೆ ಬೆರಳಿಟ್ಟು, “ತಾರೀಖು ನೋಡಿದಿರಾ?” ಎಂದಳು. ನಾವು ಮುಂಗಡ ಕೊಟ್ಟ ದಿನಕ್ಕಿಂತ ಏಳು ತಿಂಗಳು ಹಿಂದಿನ ತಾರೀಖು. ನಮಗೆ ಉದ್ಯಾನ ತೋರಿಸಿದ ದಿನವೇ ಅಲ್ಲಿ ಕಟ್ಟಡ ಏಳುತ್ತದೆಂದು ಅವರಿಗೆ ಗೊತ್ತಿತ್ತು.

ಆ ಹೊತ್ತಿನಿಂದ ನಮ್ಮದು ಬರಿಯ ಗೊಣಗಾಟವಾಗಿ ಉಳಿಯಲಿಲ್ಲ, ದೂರಾಯಿತು. ನಾನು ವಕೀಲನಲ್ಲ. ಆದರೆ ನಮ್ಮ ಪ್ರಕರಣಕ್ಕಾಗಿ ಅಲೆದು, ಆಮೇಲೆ ನೆರೆಹೊರೆಯವರ ಫೈಲುಗಳನ್ನು ಜೋಡಿಸಿಕೊಟ್ಟು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಿಲ್ಡರ್ ಯಾವ ತಾರೀಖಿನಂದು ನಿಮಗೆ ಏನು ಹೇಳಿದ, ಅದೇ ತಾರೀಖಿನಂದು ಸರ್ಕಾರಿ ದಾಖಲೆ ಏನು ಹೇಳುತ್ತಿತ್ತು ಎಂಬ ಹೋಲಿಕೆಯೇ ಇಂಥ ಪ್ರಕರಣದ ಜೀವಾಳ.

ಮೊದಲ ವಾರ: ಸಿಟ್ಟಿನಲ್ಲಿ ಮಾಡಬಾರದ ಕೆಲಸಗಳು

ಮೋಸ ತಿಳಿದ ಕೂಡಲೇ ಎಲ್ಲರಿಗೂ ಮೊದಲು ಹೊಳೆಯುವುದು ಕಂತು ನಿಲ್ಲಿಸುವ ಯೋಚನೆ. ದಯವಿಟ್ಟು ಹಾಗೆ ಸುಮ್ಮನೆ ನಿಲ್ಲಿಸಬೇಡಿ. ಕರಾರಿನ ಪ್ರಕಾರ ಹಣ ಕಟ್ಟುವುದು ಖರೀದಿದಾರರ ಹೊಣೆ ಎಂದು ರೇರಾ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ತಡವಾದರೆ ನೀವೂ ಬಡ್ಡಿ ಕೊಡಬೇಕು. ಮೌನವಾಗಿ ಕಂತು ತಪ್ಪಿಸಿದರೆ ನಿಮ್ಮ ಬುಕಿಂಗ್ ರದ್ದು ಮಾಡಲು ಬಿಲ್ಡರ್ ಕೈಗೆ ನೀವೇ ನೆಪ ಕೊಟ್ಟಂತಾಗುತ್ತದೆ. ಆಕ್ಷೇಪವನ್ನು ಲಿಖಿತವಾಗಿ ದಾಖಲಿಸಿ, ‘ನನ್ನ ಹಕ್ಕುಗಳನ್ನು ಬಿಟ್ಟುಕೊಡದೆ, ಆಕ್ಷೇಪದೊಂದಿಗೆ ಈ ಹಣ ಪಾವತಿಸುತ್ತಿದ್ದೇನೆ’ ಎಂದು ಬರೆದು ಕಟ್ಟಬಹುದು. ಮುಂದಿನ ಕಂತನ್ನು ತಡೆಹಿಡಿಯಲೇಬೇಕು ಎನ್ನಿಸಿದರೆ ದೂರು ಸಲ್ಲಿಸಿ, 36ನೇ ಸೆಕ್ಷನ್ ಅಡಿ ಮಧ್ಯಂತರ ಆದೇಶ ಕೇಳಿ.

ಬ್ಯಾಂಕಿನ ಸಾಲದ ಕಂತಂತೂ ಬೇರೆಯೇ ಕಥೆ. ಸಾಲ ನಿಮ್ಮ ಹೆಸರಿನಲ್ಲಿದೆ. ಬಿಲ್ಡರ್ ತಪ್ಪಿಗೆ ಬ್ಯಾಂಕಿನ ಕಂತು ನಿಲ್ಲಿಸಿದರೆ ನಿಮ್ಮ ಸಿಬಿಲ್ ಅಂಕ ಬೀಳುತ್ತದೆ, ವಸೂಲಿ ನೋಟಿಸ್ ನಿಮ್ಮ ಬಾಗಿಲಿಗೆ ಬರುತ್ತದೆ. ‘ಮನೆ ಕೈಗೆ ಬರುವವರೆಗೆ ಕಂತನ್ನು ನಾವೇ ಕಟ್ಟುತ್ತೇವೆ’ ಎಂದು ಬಿಲ್ಡರ್ ಒಪ್ಪಿಕೊಂಡ ಯೋಜನೆಗಳಲ್ಲಿಯೂ ಅಷ್ಟೇ. ಆತ ಕೈಯೆತ್ತಿದ ದಿನ ಬ್ಯಾಂಕ್ ಕೇಳುವುದು ನಿಮ್ಮನ್ನು.

ಇನ್ನೊಂದು ಎಚ್ಚರ ಸಹಿಯದು. ಇಂಥ ಹೊತ್ತಿನಲ್ಲಿ ಬಿಲ್ಡರ್ ಕಚೇರಿಯಿಂದ ಬಹಳ ಸೌಜನ್ಯದ ಕರೆ ಬರುತ್ತದೆ. ‘ತಿದ್ದುಪಡಿ ನಕ್ಷೆಗೆ ಒಪ್ಪಿಗೆ ಪತ್ರ, ಎಲ್ಲರೂ ಹಾಕಿದ್ದಾರೆ, ನೀವೂ ಒಂದು ಸಹಿ ಹಾಕಿ’ ಎನ್ನುತ್ತಾರೆ. 14ನೇ ಸೆಕ್ಷನ್ ಪ್ರಕಾರ ಒಟ್ಟು ನಕ್ಷೆಯನ್ನೋ ಸಾಮಾನ್ಯ ಜಾಗಗಳನ್ನೋ ಬದಲಿಸಲು ಖರೀದಿದಾರರಲ್ಲಿ ಮೂರನೇ ಎರಡರಷ್ಟು ಜನರ ಪೂರ್ವ ಲಿಖಿತ ಒಪ್ಪಿಗೆ ಬೇಕು. ಆತ ನಿಮ್ಮ ಮನೆ ಬಾಗಿಲಿಗೆ ಬರುವುದು ಆ ಎಣಿಕೆಯನ್ನು ತುಂಬಿಸಿಕೊಳ್ಳಲು. ಓದದೆ ಹಾಕಿದ ಒಂದು ಸಹಿ ನಿಮ್ಮ ಪಕ್ಕದ ಮನೆಯವರ ಹಕ್ಕನ್ನೂ ಕೊಂಡೊಯ್ಯುತ್ತದೆ.

ನಿಮಗಾದ ಮೋಸ ಯಾವ ಬಗೆಯದು?

‘ಮೋಸವಾಯಿತು’ ಎಂದಷ್ಟೇ ದೂರಿನಲ್ಲಿ ಬರೆದರೆ ಸಾಲದು. ಕಾನೂನು ಪ್ರತಿಯೊಂದು ಬಗೆಗೂ ಬೇರೆ ಬೇರೆ ಪರಿಹಾರ ಇಟ್ಟಿದೆ.

ಜಾಹೀರಾತು, ಬ್ರೋಷರ್, ಮಾದರಿ ಮನೆ ನೋಡಿ ನಂಬಿ ಹಣ ಕೊಟ್ಟಿದ್ದರೆ, ಅಲ್ಲಿ ಹೇಳಿದ್ದು ಸುಳ್ಳಾಗಿ ನಿಮಗೆ ನಷ್ಟವಾಗಿದ್ದರೆ 12ನೇ ಸೆಕ್ಷನ್ ನಿಮ್ಮದು. ಪರಿಹಾರ ಕೇಳಬಹುದು. ಯೋಜನೆಯಿಂದಲೇ ಹೊರಬರುವುದಾದರೆ ಕೊಟ್ಟ ಅಷ್ಟೂ ಹಣ, ಬಡ್ಡಿ, ಪರಿಹಾರ ಮೂರನ್ನೂ ಕೇಳಬಹುದು. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಖರೀದಿದಾರರು ಅತಿ ಕಡಿಮೆ ಬಳಸುವ, ಅತಿ ಬೆಲೆಬಾಳುವ ಸೆಕ್ಷನ್ ಇದು. ಎಲ್ಲರೂ ವಿಳಂಬದ ಬಗ್ಗೆ ಬರೆಯುತ್ತಾರೆ, ಸುಳ್ಳಿನ ಬಗ್ಗೆ ಬರೆಯುವುದನ್ನು ಮರೆಯುತ್ತಾರೆ. ಬ್ರೋಷರ್‌ನ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಇದು ಕಲಾವಿದನ ಕಲ್ಪನೆ ಮಾತ್ರ’ ಎಂದು ಅಚ್ಚಾಗಿದೆ ಎಂಬ ಕಾರಣಕ್ಕೆ ಹಿಂಜರಿಯಬೇಡಿ. ಸೋಫಾದ ಬಣ್ಣ ಕಲ್ಪನೆಯಿರಬಹುದು. ಮಂಜೂರಾದ ನಕ್ಷೆಯಲ್ಲಿ ಇಲ್ಲವೇ ಇಲ್ಲದ ಉದ್ಯಾನವನ್ನು ಇದೆಯೆಂದು ತೋರಿಸಿ ಮಾರಿದ್ದು ಕಲ್ಪನೆಯಲ್ಲ ಎಂದು ವಾದಿಸುವ ಹಕ್ಕು ನಿಮಗಿದೆ.

ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ 18ನೇ ಸೆಕ್ಷನ್. ಇರುವುದಾದರೆ ಸ್ವಾಧೀನ ಸಿಗುವವರೆಗೆ ತಿಂಗಳು ತಿಂಗಳಿಗೆ ಬಡ್ಡಿ, ಬಿಟ್ಟುಬಿಡುವುದಾದರೆ ಬಡ್ಡಿ ಸಮೇತ ಹಣ ವಾಪಸ್. ಜಮೀನಿನ ಹಕ್ಕಿನಲ್ಲೇ ದೋಷವಿದ್ದರೆ ಅದೇ ಸೆಕ್ಷನ್ನಿನ ಎರಡನೇ ಉಪವಿಧಿ ಬರುತ್ತದೆ. ಅಂಥ ನಷ್ಟದ ಪರಿಹಾರಕ್ಕೆ ಕಾಲಮಿತಿಯ ಅಡ್ಡಿಯಿಲ್ಲ. ನಮ್ಮ ರಾಜ್ಯದಲ್ಲಿ ಈ ಬಗೆಯ ದೋಷಗಳು ಹಲವು: ಪಿಟಿಸಿಎಲ್ ಎಂದೇ ಪರಿಚಿತವಾದ 1978ರ ಕಾಯ್ದೆಯಡಿ ಬರುವ, ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡಿರುವುದು, ರಾಜಕಾಲುವೆಯ ಮೇಲೆ ಕಾಲಿಟ್ಟ ಕಟ್ಟಡ, ಭೂಮಾಲೀಕರ ಜಮೀನಿನಲ್ಲಿ ಬಿಲ್ಡರ್ ಕಟ್ಟಿ ಪಾಲು ಹಂಚಿಕೊಳ್ಳುವ ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ ಭೂಮಾಲೀಕರ ಪಾಲಿನ ಜಗಳ, ಭೂಪರಿವರ್ತನೆಯೇ ಆಗದ ಕೃಷಿ ಜಮೀನು.

ನೆಲ ಬಿರುಕು ಬಿಟ್ಟರೆ, ಗೋಡೆ ಸೋರಿದರೆ, ಕೆಲಸ ಕಳಪೆಯಾಗಿದ್ದರೆ, ಸ್ವಾಧೀನ ಪಡೆದ 5 ವರ್ಷದೊಳಗೆ ತಿಳಿಸಿದಲ್ಲಿ 30 ದಿನದೊಳಗೆ ಖರ್ಚಿಲ್ಲದೆ ಸರಿಪಡಿಸಿಕೊಡುವುದು ಬಿಲ್ಡರ್ ಹೊಣೆ.

ಇನ್ನು ವಿಸ್ತೀರ್ಣದ ಮೋಸ. ಒಂದು ಸ್ಟೀಲ್ ಟೇಪು ತೆಗೆದುಕೊಂಡು ಅಳೆಯಿರಿ. ಕಾರ್ಪೆಟ್ ಏರಿಯಾ ಎಂದರೆ ಒಳಗೆ ಬಳಸಲು ಸಿಗುವ ನೆಲ. ಒಳಗಿನ ಅಡ್ಡಗೋಡೆಗಳು ಅದರಲ್ಲಿ ಸೇರುತ್ತವೆ, ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ನಮ್ಮ ಮೇಲಿನ ಮಹಡಿಯ ಹಿರಿಯರೊಬ್ಬರು ಮೊಮ್ಮಗನ ಕೈಗೆ ಟೇಪಿನ ತುದಿ ಕೊಟ್ಟು ಒಂದೊಂದೇ ಕೋಣೆ ಅಳೆದು, ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. ಕರಾರಿನಲ್ಲಿ 11 ಅಡಿ ಅಗಲವಿದ್ದ ಕೋಣೆ 10 ಅಡಿ 2 ಅಂಗುಲಕ್ಕೆ ಮುಗಿದಿತ್ತು. ಸೂಪರ್ ಬಿಲ್ಟ್‌ಅಪ್ ಎಂಬ, ಹೊರಗೋಡೆ, ಸಾಮಾನ್ಯ ಜಾಗಗಳ ಪಾಲನ್ನೂ ಸೇರಿಸಿ ಹೇಳುವ ದೊಡ್ಡ ಅಂಕಿಯ ಹಿಂದೆ ಇಂಥ ಹತ್ತು ಅಂಗುಲಗಳು ಅಡಗಿ ಕುಳಿತಿರುತ್ತವೆ.

ಕಾಗದ ಕೂಡಿಸುವ ಕ್ರಮ

ಇಲ್ಲಿ ತಾಳ್ಮೆ ಬೇಕು. ಉಳಿದೆಲ್ಲಕ್ಕಿಂತ ಹೆಚ್ಚು ಸಮಯವನ್ನು ಇದಕ್ಕೇ ಕೊಡಿ.

ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿ ಹುಡುಕಿ. ನೋಂದಣಿ ಸಂಖ್ಯೆ, ಬಿಲ್ಡರ್ ತಾನೇ ಘೋಷಿಸಿದ ಮುಕ್ತಾಯದ ದಿನಾಂಕ, ಮಂಜೂರಾತಿ ನಕ್ಷೆ, ಜಮೀನಿನ ದಾಖಲೆ, ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಪ್ರಗತಿ ವರದಿ ಎಲ್ಲವನ್ನೂ ಅಂದೇ ಇಳಿಸಿಟ್ಟುಕೊಳ್ಳಿ. ನಾಳೆ ಅಲ್ಲಿ ಹೊಸ ನಕ್ಷೆ ಕಾಣಿಸಬಹುದು. ನಿಮಗೆ ಹೇಳಿದ ದಿನಾಂಕ ಒಂದು, ರೇರಾಗೆ ಹೇಳಿದ ದಿನಾಂಕ ಇನ್ನೊಂದು ಆಗಿರುವುದು ಅಪರೂಪವಲ್ಲ.

ಆಮೇಲೆ ಸರ್ಕಾರಿ ಕಡೆಯ ಕಾಗದ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ತೆಗೆಸಿ. ಬಿಲ್ಡರ್ ಅದೇ ಜಮೀನನ್ನು ಅಡವಿಟ್ಟು ಸಾಲ ತಂದಿದ್ದರೆ, ನೋಂದಾಯಿತ ಅಡಮಾನ ಅದರಲ್ಲಿ ಕಾಣುತ್ತದೆ. ಪಹಣಿ, ಭೂಪರಿವರ್ತನೆ ಆದೇಶ, ಸರ್ವೆ ನಕ್ಷೆ ನೋಡಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ನಕ್ಷೆ ಮಂಜೂರು ಮಾಡಿದ ಪಾಲಿಕೆಗೆ ಅಥವಾ ಯೋಜನಾ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಮಂಜೂರಾತಿ ನಕ್ಷೆಯ ದೃಢೀಕೃತ ಪ್ರತಿ, ಪ್ರಾರಂಭಿಕ ಪ್ರಮಾಣಪತ್ರ, ಸ್ವಾಧೀನಾನುಭವ ಪತ್ರ ಕೊಟ್ಟಿದ್ದಾರೆಯೇ ಎಂಬುದನ್ನು ಕೇಳಿ. ಕಟ್ಟಡ ವಾಸಕ್ಕೆ ಯೋಗ್ಯವೆಂದು ಕೊಡುವ ಈ ಸ್ವಾಧೀನಾನುಭವ ಪತ್ರವೇ ನಾವೆಲ್ಲ ಓಸಿ ಎನ್ನುವುದು. ಅದಿಲ್ಲದೆ ‘ಬೀಗದ ಕೈ ತೆಗೆದುಕೊಳ್ಳಿ’ ಎಂದರೆ ಅದು ಕಾನೂನುಬದ್ಧ ಸ್ವಾಧೀನವಲ್ಲ. ಓಸಿ ಅಥವಾ ಪೂರ್ಣತಾ ಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಂತೂ ಓಸಿ ಇಲ್ಲದ ಮನೆಗೆ ಕಾಲಿಡುವವರ ಪಾಡು ಇನ್ನೂ ಕಷ್ಟ.

ಕೊನೆಗೆ ನಿಮ್ಮ ಮನೆಯಲ್ಲೇ ಇರುವ ಸಾಕ್ಷ್ಯ. ಬ್ರೋಷರ್, ಪತ್ರಿಕೆಯ ಜಾಹೀರಾತು, ಮಾರಾಟ ಪ್ರತಿನಿಧಿಯ ವಾಟ್ಸ್‌ಆ್ಯಪ್ ಸಂದೇಶಗಳು, ಇಮೇಲ್‌ಗಳು, ಮಾದರಿ ಮನೆಯಲ್ಲಿ ತೆಗೆದ ಫೋಟೊ, ಪ್ರತಿ ಪಾವತಿಯ ರಸೀದಿ, ಬ್ಯಾಂಕ್ ಖಾತೆಯ ವಿವರ. ವಾಟ್ಸ್‌ಆ್ಯಪ್ ಸಂದೇಶವನ್ನು ಅಳಿಸಬೇಡಿ, ಫೋನ್ ಬದಲಿಸುವ ಮುನ್ನ ಪೂರ್ತಿ ಸಂಭಾಷಣೆಯನ್ನು ಹೊರತೆಗೆದು ಇಟ್ಟುಕೊಳ್ಳಿ. ವಿದ್ಯುನ್ಮಾನ ಸಾಕ್ಷ್ಯವನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಲಗತ್ತಿಸಿದರೆ ಎದುರಾಳಿಯ ತಕರಾರಿಗೆ ಎಡೆಯಿರುವುದಿಲ್ಲ.

ಇಷ್ಟಾದ ಮೇಲೆ ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ತಾರೀಖು, ಎರಡನೆಯದರಲ್ಲಿ ಬಿಲ್ಡರ್ ಹೇಳಿದ್ದು, ಮೂರನೆಯದರಲ್ಲಿ ಆ ದಿನದ ದಾಖಲೆ ಹೇಳುವುದು. ನಮ್ಮ ಹಾಳೆಯಲ್ಲಿ 14 ಸಾಲುಗಳಾದವು. ವಿಚಾರಣೆಯ ದಿನ ಇನ್ನೂರು ಪುಟದ ಫೈಲಿಗಿಂತ ಆ ಒಂದು ಹಾಳೆಯೇ ನಮ್ಮ ಕೈಹಿಡಿಯಿತು.

ಬಿಲ್ಡರ್‌ಗೆ ಪತ್ರ

ರೇರಾಗೆ ಹೋಗುವ ಮುನ್ನ ವಕೀಲರ ನೋಟಿಸ್ ಕೊಡಲೇಬೇಕೆಂಬ ನಿಯಮವಿಲ್ಲ. ಆದರೂ ಒಂದು ಪತ್ರ ಬರೆಯಿರಿ. ಏನು ಹೇಳಿದ್ದಿರಿ, ಏನಾಗಿದೆ, ನನಗೆ ಏನು ಬೇಕು, ಎಷ್ಟು ದಿನದೊಳಗೆ ಎಂಬ ನಾಲ್ಕು ಸಂಗತಿ ಸಾಕು. ಬೈಗುಳ ಬೇಡ. ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡರಲ್ಲೂ ಕಳುಹಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಉತ್ತರ ಬಂದರೆ ಅದರಲ್ಲೇ ಒಂದು ತಪ್ಪೊಪ್ಪಿಗೆ ಅಡಗಿರಬಹುದು. ಬಾರದಿದ್ದರೆ ಆ ಮೌನವೂ ನಿಮ್ಮ ಪರ ದಾಖಲೆಯೇ.

ಇರುವುದೋ, ಬಿಡುವುದೋ?

ದೂರು ಬರೆಯುವ ಮೊದಲು ಮನೆಮಂದಿಯೆಲ್ಲ ಕುಳಿತು ತೀರ್ಮಾನಿಸಬೇಕಾದ ಪ್ರಶ್ನೆ ಇದೊಂದೇ. ಎರಡನ್ನೂ ಅರೆಬರೆ ಕೇಳಿದರೆ ದೂರು ದುರ್ಬಲವಾಗುತ್ತದೆ.

ಹಣ ವಾಪಸ್ ಬೇಕೆಂದರೆ, ಹೇಳಿದ ದಿನಕ್ಕೆ ಸ್ವಾಧೀನ ಸಿಗದಾಗ 18ನೇ ಸೆಕ್ಷನ್ ಅಡಿ ಹಣ ಹಿಂದಕ್ಕೆ ಪಡೆಯುವುದು ಖರೀದಿದಾರರ ಷರತ್ತಿಲ್ಲದ ಹಕ್ಕು ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಕರ್ನಾಟಕದ ನಿಯಮಗಳ ಪ್ರಕಾರ ಬಡ್ಡಿ ದರ ಎಸ್‌ಬಿಐನ ಎಂಸಿಎಲ್‌ಆರ್ ದರಕ್ಕೆ, ಅಂದರೆ ಬ್ಯಾಂಕಿನ ಸಾಲದ ಮೂಲ ಬಡ್ಡಿ ದರಕ್ಕೆ, ಶೇ. 2 ಸೇರಿಸಿದಷ್ಟು. ಬಾಕಿಯಾದ ಹಣವನ್ನು 60 ದಿನದೊಳಗೆ ಹಿಂದಿರುಗಿಸಬೇಕು.

ಇದರ ಬೆಲೆ ತಿಳಿಯಲು ಒಂದು ಲೆಕ್ಕ. ನೀವು 60 ಲಕ್ಷ ಕೊಟ್ಟಿದ್ದೀರಿ, 1,200 ಚದರಡಿ ಮನೆ ಎಂದುಕೊಳ್ಳಿ. ವಿಳಂಬಕ್ಕೆ ತಿಂಗಳಿಗೆ ಚದರಡಿಗೆ 5 ರೂಪಾಯಿ ಎಂದು ಬಿಲ್ಡರ್ ಬರೆದುಕೊಂಡ ಕರಾರಿನ ಪ್ರಕಾರ ನಿಮಗೆ ತಿಂಗಳಿಗೆ ಸಿಗುವುದು 6,000. ಬಡ್ಡಿಯನ್ನು ಲೆಕ್ಕಕ್ಕಾಗಿ ಶೇ. 10 ಎಂದಿಟ್ಟುಕೊಂಡರೂ ತಿಂಗಳಿಗೆ 50,000. ಮಾತುಕತೆಗೆ ಕರೆದಾಗ ಬಿಲ್ಡರ್ ಏಕೆ ಕರಾರಿನ ಆ ಪುಟವನ್ನೇ ಮುಂದಿಡುತ್ತಾನೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಇರುವುದಾದರೆ ಬಡ್ಡಿ, ಕೊರತೆಯ ಸೌಲಭ್ಯ, ಓಸಿ, ಕ್ರಯಪತ್ರ, ಸಾಮಾನ್ಯ ಜಾಗಗಳನ್ನು ಸಂಘಕ್ಕೆ ವಹಿಸಿಕೊಡುವುದು ಎಲ್ಲವನ್ನೂ ಬಿಡಿಬಿಡಿಯಾಗಿ ಕೇಳಿ. ಕೇಳದ್ದನ್ನು ಯಾರೂ ಕೊಡುವುದಿಲ್ಲ.

ರೇರಾ ಬಾಗಿಲು

ರೇರಾ ನಡೆಯುವುದು 2016ರ ಕಾಯ್ದೆ, 2017ರ ಜುಲೈನಲ್ಲಿ ಬಂದ ಕರ್ನಾಟಕದ ನಿಯಮಗಳ ಮೇಲೆ. 500 ಚದರ ಮೀಟರ್‌ಗಿಂತ ದೊಡ್ಡ ಜಮೀನು ಅಥವಾ 8ಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆಗೆ ನೋಂದಣಿ ಕಡ್ಡಾಯ. ನೋಂದಣಿಗೆ ಮುಂಚೆ ‘ಪ್ರೀ ಲಾಂಚ್’ ಎಂದು ಹಣ ಪಡೆಯುವುದೇ ಅಪರಾಧ. ಅದಕ್ಕೆ ಯೋಜನೆಯ ಅಂದಾಜು ವೆಚ್ಚದ ಶೇ. 10ರವರೆಗೆ ದಂಡವಿದೆ. ಹಾಗಾಗಿ ‘ನಮ್ಮದು ನೋಂದಣಿಯೇ ಆಗಿಲ್ಲ, ರೇರಾ ಬರುವುದಿಲ್ಲ’ ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ, ಆ ಬಗೆಗೂ ದೂರು ಕೊಡಬಹುದು. ನೋಂದಾಯಿತ ಕರಾರು ಆಗುವ ಮುನ್ನ ಮನೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ ಎಂದು 13ನೇ ಸೆಕ್ಷನ್ ಹೇಳುತ್ತದೆ. ನಿಮ್ಮಿಂದ ಶೇ. 20 ಕಟ್ಟಿಸಿಕೊಂಡು ಬರಿಯ ಬುಕಿಂಗ್ ಫಾರಂ ಕೊಟ್ಟಿದ್ದರೆ ಅದನ್ನೂ ದೂರಿನಲ್ಲಿ ಸೇರಿಸಿ.

ದೂರು ಸಲ್ಲಿಸುವುದು ಜಾಲತಾಣದ ಮೂಲಕ. ಹಣ ವಾಪಸ್, ಬಡ್ಡಿ, ಸ್ವಾಧೀನ, ಓಸಿ ಮುಂತಾದವುಗಳಿಗೆ ಪ್ರಾಧಿಕಾರದ ಮುಂದೆ ನಮೂನೆ ಎನ್. ಮಾನಸಿಕ ಯಾತನೆ, ನಷ್ಟ, ಸುಳ್ಳು ಜಾಹೀರಾತು ಇವುಗಳ ಪರಿಹಾರಕ್ಕೆ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ನಮೂನೆ ಒ. ಈ ವಿಂಗಡಣೆಯನ್ನೂ ನ್ಯೂಟೆಕ್ ತೀರ್ಪು ಖಚಿತಪಡಿಸಿದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿ ತಿಂಗಳುಗಟ್ಟಲೆ ಕಳೆದುಕೊಂಡವರನ್ನು ನಾನು ಬಲ್ಲೆ. ವಕೀಲರಿಲ್ಲದೆ ನೀವೇ ವಾದಿಸಬಹುದು. ಪ್ರತಿವಾದಿಗಳ ಪಟ್ಟಿಯಲ್ಲಿ ಕಂಪನಿಯ ಜೊತೆಗೆ, ಜಂಟಿ ಅಭಿವೃದ್ಧಿಯಾಗಿದ್ದರೆ ಭೂಮಾಲೀಕರನ್ನೂ ಸೇರಿಸುವ ಬಗ್ಗೆ ಯೋಚಿಸಿ.

ಆದೇಶ ನಿಮ್ಮ ಪರ ಬಂದು ಬಿಲ್ಡರ್ ಮೇಲ್ಮನವಿಗೆ ಹೋದರೆ, ನಿಮಗೆ ಕೊಡಬೇಕಾದ ಅಷ್ಟೂ ಹಣವನ್ನು ಬಡ್ಡಿ ಸಮೇತ ಠೇವಣಿ ಇಟ್ಟ ಮೇಲೆಯೇ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಕೇಳುವುದು. ಇದು 43ನೇ ಸೆಕ್ಷನ್ನಿನ ದೊಡ್ಡ ಉಪಕಾರ. ಮೇಲ್ಮನವಿಗೆ ಅವಧಿ 60 ದಿನ, ಅಲ್ಲಿಂದ ಹೈಕೋರ್ಟ್‌ಗೆ ಮತ್ತೆ 60 ದಿನ.

ಮೇಲ್ಮನವಿಗೂ ಹೋಗದೆ, ಹಣವನ್ನೂ ಕೊಡದೆ ಕುಳಿತ ಬಿಲ್ಡರ್‌ಗಳೇ ನಿಜವಾದ ತಲೆನೋವು. ಆಗ ಆದೇಶ ಜಾರಿಗೆ ಮತ್ತೆ ಅರ್ಜಿ ಹಾಕಬೇಕು. ಪ್ರಾಧಿಕಾರ ವಸೂಲಿ ಪತ್ರ ಕೊಡುತ್ತದೆ. ಅದು ಜಿಲ್ಲಾಧಿಕಾರಿಗೆ ಹೋಗಿ, ಅಲ್ಲಿಂದ ತಹಶೀಲ್ದಾರ್ ಮೇಜಿಗೆ ಬಂದು, ಭೂಕಂದಾಯ ಬಾಕಿಯಂತೆ ವಸೂಲಾಗಬೇಕು. ಫೈಲು ನಿಲ್ಲುವುದು ಇಲ್ಲಿಯೇ. ತಹಶೀಲ್ದಾರ್ ಕಚೇರಿಗೆ ನೂರೆಂಟು ಕೆಲಸ, ಬಿಲ್ಡರ್ ಆಸ್ತಿ ಎಲ್ಲಿದೆ ಎಂದು ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ಆ ಪಟ್ಟಿಯನ್ನು ನೀವೇ ಮಾಡಿ: ಮಾರಾಟವಾಗದ ಫ್ಲ್ಯಾಟುಗಳ ಸಂಖ್ಯೆ, ಕಂಪನಿಯ ಹೆಸರಿನ ಜಮೀನಿನ ಸರ್ವೆ ನಂಬರ್, ನೀವು ಚೆಕ್ ಕೊಟ್ಟಾಗ ಜಮೆಯಾದ ಬ್ಯಾಂಕ್ ಖಾತೆ. ವಸೂಲಿ ಪತ್ರದ ಸಂಖ್ಯೆಯೊಂದಿಗೆ ಆ ಪಟ್ಟಿಯನ್ನು ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ತಿಂಗಳಿಗೊಮ್ಮೆ ಹೋಗಿ ಕೇಳಿ. ಬೇಸರದ ಕೆಲಸ, ಆದರೆ ಹೀಗೆ ಬೆನ್ನು ಹತ್ತಿದ ಫೈಲುಗಳೇ ಮುಂದೆ ಸರಿಯುವುದನ್ನು ಕಂಡಿದ್ದೇನೆ.

ಗ್ರಾಹಕ ಆಯೋಗದ ಬಾಗಿಲು

ರೇರಾ ಬಂದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಇಂಪೀರಿಯಾ ಪ್ರಕರಣದಲ್ಲಿ ಹೇಳಿತು. ನೀವು ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲ್ಪಟ್ಟರೆ ದೆಹಲಿಯ ರಾಷ್ಟ್ರೀಯ ಆಯೋಗ. ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದೆಂಬುದು 2019ರ ಕಾಯ್ದೆಯ ಅನುಕೂಲ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇರುವವರಿಗೆ ಇದು ದೊಡ್ಡ ಮಾತು. ಇ-ಜಾಗೃತಿ ಜಾಲತಾಣದಲ್ಲಿ ಸಲ್ಲಿಸಬಹುದು. ಆದರೆ ಕಾಲಮಿತಿ 2 ವರ್ಷ. ತಡವಾದರೆ ಸಕಾರಣ ಕೊಡಬೇಕಾಗುತ್ತದೆ.

ಬೇಗೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟ್ ಯೋಜನೆಯ 339 ಖರೀದಿದಾರರು ರಾಷ್ಟ್ರೀಯ ಆಯೋಗದಲ್ಲಿ ಸೋತು ಸುಪ್ರೀಂ ಕೋರ್ಟ್‌ಗೆ ಹೋಗಿದ್ದರು. 2020ರ ಆಗಸ್ಟ್‌ನಲ್ಲಿ ಬಂದ ಆ ತೀರ್ಪನ್ನು ಪ್ರತಿಯೊಬ್ಬ ಮನೆ ಕೊಳ್ಳುವವರೂ ತಿಳಿದಿರಬೇಕು. ಚದರಡಿಗೆ 5 ರೂಪಾಯಿಯ ಕರಾರಿಗೇ ಪರಿಹಾರ ಸೀಮಿತವಲ್ಲ ಎಂದ ಕೋರ್ಟ್, ಅದರ ಮೇಲೆ ಕೊಟ್ಟ ಹಣಕ್ಕೆ ವಾರ್ಷಿಕ ಶೇ. 6 ಬಡ್ಡಿ ಕೊಡಿಸಿತು. ಹಕ್ಕು ಬಿಟ್ಟುಕೊಟ್ಟರೆ ಮಾತ್ರ ಕ್ರಯಪತ್ರ ಎಂಬ ಬಿಲ್ಡರ್ ಪಟ್ಟನ್ನು ಒಪ್ಪಲಿಲ್ಲ. ಬೀಗದ ಕೈ ಪಡೆದು ಕ್ರಯಪತ್ರ ಮಾಡಿಸಿಕೊಂಡವರೂ ವಿಳಂಬದ ಪರಿಹಾರ ಕೇಳಬಹುದು ಎಂದಿತು. ‘ನೋಂದಣಿ ಆಗಿಹೋಯಿತು, ಇನ್ನೇನು ಮಾಡುವುದು’ ಎಂದು ಕೈಚೆಲ್ಲಿದವರಿಗೆ ಇದನ್ನೇ ನಾನು ಓದಿ ಹೇಳುವುದು.

ಒಂದೇ ಬೇಡಿಕೆಗೆ ರೇರಾ, ಗ್ರಾಹಕ ಆಯೋಗ ಎರಡರಲ್ಲೂ ಏಕಕಾಲಕ್ಕೆ ಓಡುವಂತಿಲ್ಲ. ಒಂದನ್ನು ಆರಿಸಿಕೊಳ್ಳಿ. ವಿಳಂಬ, ನಕ್ಷೆ, ಓಸಿ ಇಂಥ ದಾಖಲೆಯ ವಿಷಯವಾದರೆ ನನ್ನ ಒಲವು ರೇರಾ ಕಡೆಗೆ. ಹಲವು ಬಗೆಯ ಸೇವಾ ಕೊರತೆ, ಯಾತನೆಗಳ ಪರಿಹಾರ ಒಂದೇ ಕಡೆ ಬೇಕಿದ್ದರೆ ಆಯೋಗ ವಾಸಿ. ಆಯೋಗದ ಆದೇಶ ಮೀರಿದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ವಸೂಲಿಯ ವಿಷಯದಲ್ಲಿ ಈ ಹಲ್ಲು ರೇರಾ ಪ್ರಾಧಿಕಾರಕ್ಕಿಲ್ಲ.

ಪೊಲೀಸ್ ಠಾಣೆ ಯಾವಾಗ?

ವಿಳಂಬವೊಂದೇ ವಂಚನೆಯ ಅಪರಾಧವಾಗುವುದಿಲ್ಲ. ಆರಂಭದಿಂದಲೇ ಮೋಸದ ಉದ್ದೇಶವಿತ್ತು ಎಂದು ತೋರಿಸಬೇಕು. ಒಂದೇ ಫ್ಲ್ಯಾಟನ್ನು ಇಬ್ಬರಿಗೆ ಮಾರಿದ್ದು, ನಕಲಿ ಮಂಜೂರಾತಿ ಪತ್ರ ತೋರಿಸಿದ್ದು, ತನ್ನದಲ್ಲದ ಜಮೀನನ್ನು ತನ್ನದೆಂದು ಮಾರಿದ್ದು ಇಂಥ ಪ್ರಕರಣಗಳು. 2024ರ ಜುಲೈ 1ರ ನಂತರದ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 318 ವಂಚನೆಗೆ, 316 ನಂಬಿಕೆ ದ್ರೋಹಕ್ಕೆ. ಅದಕ್ಕೂ ಹಿಂದಿನ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯ 420, 406. ಇಲ್ಲಿಯೂ ತಾರೀಖೇ ಮುಖ್ಯ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಲಿಖಿತವಾಗಿ ಕಳುಹಿಸಿ, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಹಣ ವಸೂಲಿಗೆ ಹೆದರಿಸುವ ಉಪಾಯವಾಗಿ ಮಾತ್ರ ಇದನ್ನು ಬಳಸಬೇಡಿ. ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಬಳಿಯುವುದನ್ನು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಟೀಕಿಸಿದೆ.

ಬಿಲ್ಡರ್ ದಿವಾಳಿಯಾದರೆ

ದಿವಾಳಿ ಸಂಹಿತೆಯಲ್ಲಿ ಮನೆ ಕೊಂಡವರಿಗೆ 2018ರಿಂದ ಬ್ಯಾಂಕುಗಳಂತೆಯೇ ಹಣಕಾಸು ಸಾಲದಾತರ ಸ್ಥಾನವಿದೆ. ಆದರೆ 2020ರ ತಿದ್ದುಪಡಿಯ ಪ್ರಕಾರ ಅರ್ಜಿ ಹಾಕಲು ಒಂದೇ ಯೋಜನೆಯ ಕನಿಷ್ಠ 100 ಖರೀದಿದಾರರು ಅಥವಾ ಒಟ್ಟು ಸಂಖ್ಯೆಯ ಶೇ. 10ರಷ್ಟು ಜನ, ಯಾವುದು ಕಡಿಮೆಯೋ ಅಷ್ಟು, ಒಟ್ಟಾಗಬೇಕು. ನಿಮ್ಮ ಯೋಜನೆ ಅರ್ಧಕ್ಕೆ ನಿಂತಿದ್ದರೆ ಇದಕ್ಕೆ ಕೈ ಹಾಕುವ ಮುನ್ನ ಎರಡು ಬಾರಿ ಯೋಚಿಸಿ. ಪ್ರಕ್ರಿಯೆ ಶುರುವಾದ ಕೂಡಲೇ ಕಂಪನಿಯ ವಿರುದ್ಧದ ಉಳಿದ ಪ್ರಕರಣಗಳಿಗೆಲ್ಲ ತಡೆ ಬೀಳುತ್ತದೆ. ಬೇರೆ ಯಾರಾದರೂ ಈಗಾಗಲೇ ಅರ್ಜಿ ಹಾಕಿ ಅದು ಅಂಗೀಕಾರವಾಗಿದ್ದರೆ ಮಾತ್ರ ಒಂದು ದಿನವೂ ತಡಮಾಡದೆ ನಿಮ್ಮ ಕ್ಲೇಮನ್ನು ನಮೂನೆ ಸಿಎಯಲ್ಲಿ ಸಲ್ಲಿಸಿ. ಪತ್ರಿಕೆಯ ಸಾರ್ವಜನಿಕ ಪ್ರಕಟಣೆ ಕಣ್ಣಿಗೆ ಬೀಳದೆ ಪಟ್ಟಿಯಿಂದ ಹೊರಗುಳಿಯುವ ಅಪಾಯ ವಿದೇಶದಲ್ಲಿರುವ ನಮ್ಮವರಿಗೆ ಹೆಚ್ಚು. ಅಂಥವರು ಊರಿನಲ್ಲಿರುವ ಅಣ್ಣನಿಗೋ ತಂಗಿಗೋ ಸರಿಯಾದ ಅಧಿಕಾರ ಪತ್ರ ಮಾಡಿಕೊಟ್ಟಿರುವುದು ಒಳ್ಳೆಯದು.

ರಾಜಿಗೆ ಕರೆದಾಗ

ಪ್ರಕರಣ ಬಿಗಿಯಾಗುತ್ತಿದ್ದಂತೆ ರಾಜಿಯ ಕರೆ ಬರುತ್ತದೆ. ಬಂದರೆ ಹೋಗಿ, ತಪ್ಪೇನಿಲ್ಲ. ನಮಗೂ ಬಂತು. ನಮ್ಮ ಮುಂದಿಟ್ಟ ಕರಡಿನಲ್ಲಿ ಹಣದ ಮೊತ್ತ ದಪ್ಪ ಅಕ್ಷರದಲ್ಲಿತ್ತು, ಕೊಡುವ ದಿನಾಂಕವೇ ಇರಲಿಲ್ಲ. ‘ಸಾಧ್ಯವಾದಷ್ಟು ಬೇಗ’ ಎಂದು ಬರೆದಿದ್ದರು. ದೂರನ್ನು ಹಿಂತೆಗೆದುಕೊಳ್ಳುವುದಕ್ಕೆ ಮಾತ್ರ ಏಳು ದಿನದ ಗಡುವಿತ್ತು. ನನ್ನ ಹೆಂಡತಿ ಪೆನ್ನು ತೆಗೆದು ‘ಸಾಧ್ಯವಾದಷ್ಟು ಬೇಗ’ ಎಂಬುದನ್ನು ಹೊಡೆದುಹಾಕಿ, ಮೂರು ಕಂತಿಗೆ ಮೂರು ತಾರೀಖು ಬರೆದಳು. ಕಂತು ತಪ್ಪಿದರೆ ಪೂರ್ತಿ ಬಡ್ಡಿ ಮರಳಿ ಬರುತ್ತದೆ ಎಂಬ ಸಾಲನ್ನೂ ಸೇರಿಸಿದಳು. ಈ ಒಪ್ಪಂದವನ್ನು ಪ್ರಾಧಿಕಾರದ ಆದೇಶದಲ್ಲಿ ದಾಖಲಿಸಬೇಕು, ಕೊನೆಯ ಕಂತು ಖಾತೆಗೆ ಬಂದ ಮೇಲೆಯೇ ದೂರು ಮುಕ್ತಾಯ ಎಂದು ಹೇಳಿ ಎದ್ದು ಬಂದೆವು. ಹನ್ನೊಂದು ದಿನದ ನಂತರ ಅದೇ ಕರಡು, ಅವಳು ಬರೆದ ತಾರೀಖುಗಳೊಂದಿಗೆ, ಟೈಪಾಗಿ ಮರಳಿ ಬಂತು.